ಗೋಂದು ಒಣಗುವ ಹೊತ್ತು

ವಿಮರ್ಶೆ ಎಂಬುದು ಕತೆ, ಕಾದಂಬರಿ, ಕವಿತೆಗಳಿಗೆ ಸಂಬಂಧಪಟ್ಟದ್ದೆಂದೇ ನಾನು ಇಲ್ಲಿಯವರೆಗೆ ತಿಳಿದಿದ್ದೆ. ಬಿ.ಎ.ದಲ್ಲಿ ಕಲಿತದ್ದು ಹಾಗೆ, ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನವನ್ನೂ ಶಿಕ್ಷಕರು ಕಡಿಮೆಯಿದ್ದಾಗ ಕನ್ನಡವನ್ನೂ ಕಲಿಸುತ್ತಿರುವುದೂ ಹಾಗೆಯೇ. ಆದ್ದರಿಂದ ಫೋನಿನಲ್ಲಿ ಬರುವ ಕಾಗದದ ಗೂಬೆ, ಹತ್ತಿಯ ಮೋಡ, ಐಸ್‌ಕ್ರೀಮ್ ಕಡ್ಡಿಯ ಮನೆಗಳ ಮೇಲೆ ವಿಮರ್ಶೆ ಬರೆಯಲು ಕುಳಿತಿದ್ದೇನೆಂದರೆ ಓದುಗರು ನಗಬಹುದು. ನಗಲಿ. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ತಾಯಂದಿರು ಇಂದು ಕಾದಂಬರಿಗಿಂತ ಹೆಚ್ಚು ಶ್ರದ್ಧೆಯಿಂದ ನೋಡುವುದು ಇವನ್ನೇ. ಇಷ್ಟು ಜನ ಇಷ್ಟು ಹೊತ್ತು ನೋಡುವ ಒಂದು ಪ್ರಕಾರವನ್ನು ಯಾರಾದರೂ ಒಬ್ಬರು ಕೂತು ಪರಿಶೀಲಿಸಬೇಡವೆ?

ನನ್ನ ಮಗಳು ಹುಬ್ಬಳ್ಳಿಯಲ್ಲಿದ್ದಾಳೆ, ನಾನು ಧಾರವಾಡದಲ್ಲಿ. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವಳು ಎರಡನೆಯ ಇಯತ್ತೆ, ಸಣ್ಣವನಿಗೆ ಇನ್ನೂ ನಾಲ್ಕು ತುಂಬಿಲ್ಲ. ಮಗಳಿಗೆ ಆಫೀಸು, ಅಳಿಯನಿಗೆ ಸದಾ ತಿರುಗಾಟ. ಹೋದ ವರ್ಷ ಜುಲೈಯಲ್ಲಿ ಒಂದು ಶನಿವಾರ ಅವರಲ್ಲಿ ಉಳಿದಿದ್ದೆ. ರಾತ್ರಿ ಹನ್ನೊಂದರ ಮೇಲೆ ನೀರು ಕುಡಿಯಲು ಎದ್ದರೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಮಗಳು ನೆಲದ ಮೇಲೆ ಕೂತು ನೀಲಿ ಕಾರ್ಡ್‌ಬೋರ್ಡಿಗೆ ಹತ್ತಿ ಅಂಟಿಸುತ್ತಿದ್ದಳು. ಮೋಡ. ಮೋಡದಿಂದ ದಾರ ಇಳಿಬಿಟ್ಟು ಅದಕ್ಕೆ ಹನಿಗಳು. ಕೆಳಗೆ ಛತ್ರಿ ಹಿಡಿದ ಹುಡುಗಿ. ಎದುರಿಗೆ ಫೋನನ್ನು ಡಬ್ಬಿಗೆ ಆನಿಸಿಟ್ಟು ಅದರಲ್ಲಿ ನೋಡಿ ನೋಡಿ ಮಾಡುತ್ತಿದ್ದಳು. ಸೋಮವಾರ ಮೊಮ್ಮಗಳು ಶಾಲೆಗೆ 'ಮಳೆಗಾಲ' ಎಂಬ ಪ್ರಾಜೆಕ್ಟ್ ಒಯ್ಯಬೇಕಂತೆ. ಪ್ರಾಜೆಕ್ಟಿನ ಒಡತಿ ಒಳಗೆ ಗಡದ್ದಾಗಿ ನಿದ್ದೆ ಮಾಡುತ್ತಿದ್ದಳು.

ನನ್ನ ನಾಲಿಗೆ ಮಾಸ್ತರಿಕೆಯ ನಾಲಿಗೆ, ಸುಮ್ಮನಿರಲಿಲ್ಲ. "ಇದು ಆಕಿ ಹೋಂವರ್ಕೋ ನಿಂದೋ?" ಎಂದೆ. ಮಗಳು ತಲೆಯೆತ್ತದೆ ಹೇಳಿದಳು: "ಅವ್ವಾ, ನೀ ಏನ್ ಹೇಳ್ತಿ ನನಗ? ನಿಮ್ಮ ಸಾಲ್ಯಾಗ ನಾ ಮಣ್ಣಿನ ಗುಮ್ಮಟ ಮಾಡಿದ್ದಕ್ಕ ಎಷ್ಟ್ ಮಾರ್ಕ್ಸ್ ಹಾಕಿದ್ದಿ, ನೆನಪೈತೇನು?"

ನೆನಪಿತ್ತು. ಅವಳು ನನ್ನದೇ ಶಾಲೆಯಲ್ಲಿ ಎಂಟನೆಯ ಇಯತ್ತೆಯಲ್ಲಿದ್ದಾಗ, 2006ರಲ್ಲಿ, ವಸ್ತುಪ್ರದರ್ಶನಕ್ಕೆ ನಾನೇ 'ಕರ್ನಾಟಕದ ಸ್ಮಾರಕಗಳು' ಎಂಬ ವಿಷಯ ಕೊಟ್ಟಿದ್ದೆ. ಅವಳು ಎರೆಮಣ್ಣಿನಲ್ಲಿ ಗೋಳಗುಮ್ಮಟ ಮಾಡಿದ್ದಳು. ಮಣ್ಣು ಒಣಗುತ್ತ ಬಿರುಕು ಬಿಟ್ಟು ಗುಮ್ಮಟ ಒಂದು ಕಡೆ ಕುಸಿದಿತ್ತು. ಇನ್ನೊಬ್ಬ ಹುಡುಗಿ ಥರ್ಮಾಕೋಲಿನ ಗೋಳಗುಮ್ಮಟ ತಂದಿದ್ದಳು. ನಾಲ್ಕು ಮೂಲೆಗೆ ನಾಲ್ಕು ಗೋಪುರ, ಒಳಗೆ ಸಣ್ಣ ಬಲ್ಬು, ಮೇಲೆ ಬಂಗಾರದ ಬಣ್ಣ. ಅದನ್ನು ಆ ಹುಡುಗಿಯ ತಂದೆ ಯಾರಿಂದಲೋ ಮಾಡಿಸಿ ತಂದದ್ದೆಂದು ಇಡೀ ಶಾಲೆಗೆ ಗೊತ್ತಿತ್ತು, ನನಗೂ. ಮೊದಲ ಬಹುಮಾನ ಅದಕ್ಕೆ ಹೋಯಿತು. ನನ್ನ ಮಗಳಿಗೆ ಹತ್ತಕ್ಕೆ ಐದು. ಸ್ವಂತ ಮಗಳಿಗೆ ಹೆಚ್ಚು ಕೊಟ್ಟಳೆಂದು ಯಾರೂ ಅನ್ನಬಾರದೆಂಬ ಭಯ ಒಂದು. ಆದರೆ ಅದೊಂದೇ ಅಲ್ಲ. ಅತಿಥಿಗಳು ಬಂದಾಗ ಮೇಜಿನ ಮೇಲೆ ಬಲ್ಬು ಉರಿಯುವ ಗುಮ್ಮಟ ನನಗೆ ಬೇಕಾಗಿತ್ತು, ಬಿರುಕು ಬಿಟ್ಟದ್ದು ಬೇಡವಾಗಿತ್ತು. ನಲವತ್ತನಾಲ್ಕು ಮೀಟರು ಅಗಲದ ಗುಮ್ಮಟ ಒಳಗೆ ಒಂದೂ ಕಂಬವಿಲ್ಲದೆ ಹೇಗೆ ನಿಂತಿದೆ ಎಂಬ ಪ್ರಶ್ನೆ ಎದ್ದಿದ್ದರೆ ಅದು ಕುಸಿದ ಗುಮ್ಮಟದ ಮುಂದೆ ಏಳಬೇಕಾಗಿತ್ತು. ಥರ್ಮಾಕೋಲಿನ ಮುಂದೆ ಏಳುವ ಸಂಭವವೇ ಇರಲಿಲ್ಲ. ಇದು ಅಂದು ನನಗೆ ಹೊಳೆಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಚರಿಗೆ ಹಿಡಿದು ನಿಂತಾಗ ಹೊಳೆಯಿತು.

ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ದಸರೆಯ ಸೂಟಿಗೆ ಮಗಳ ಫೋನನ್ನೇ ಇಸಿದುಕೊಂಡು, ಉತ್ತರಪತ್ರಿಕೆ ನೋಡುವಾಗ ಮಾಡುವಂತೆ ಒಂದು ನೋಟುಬುಕ್ಕು ಇಟ್ಟುಕೊಂಡು, ಅವಳು ಕೂಡಿಟ್ಟ ಚಿತ್ರಗಳನ್ನೂ ವಿಡಿಯೋಗಳನ್ನೂ ನೋಡುತ್ತ ಹೋದೆ. ಕೂಡಿಟ್ಟದ್ದು ನೂರಾರು, ಮಾಡಿದ್ದು ಬೆರಳಲ್ಲಿ ಎಣಿಸುವಷ್ಟು. 2010ರಲ್ಲಿ ಅಮೆರಿಕದಲ್ಲಿ ಶುರುವಾದ ಪಿಂಟರೆಸ್ಟ್ ಎಂಬುದರ ಹೆಸರಿನಲ್ಲೇ ಗುಂಡುಸೂಜಿ ಇದೆ. ಮನಸ್ಸಿಗೆ ಬಂದ ಚಿತ್ರವನ್ನು ಹಲಗೆಗೆ ಚುಚ್ಚಿ ಇಟ್ಟುಕೊಂಡಂತೆ ಇಟ್ಟುಕೊಳ್ಳಬಹುದು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಕಾಲದಲ್ಲಿ ವಾರಪತ್ರಿಕೆಗಳ ಮಹಿಳಾ ಪುಟದ ರಂಗೋಲಿಯನ್ನೂ ಸ್ವೆಟರಿನ ನಮೂನೆಯನ್ನೂ ಕತ್ತರಿಸಿ ಹಳೆಯ ಡೈರಿಗೆ ಅಂಟಿಸಿಡುತ್ತಿದ್ದೆವಲ್ಲ, ಅದೇ ಇದು. ನನ್ನ ಡೈರಿಯಲ್ಲಿ ಅಂಟಿಸಿದ ಸ್ವೆಟರುಗಳಲ್ಲಿ ನಾನು ಹೆಣೆದದ್ದು ಒಂದೇ, ಅದಕ್ಕೂ ಒಂದು ತೋಳು ಉದ್ದವಾಯಿತು. ಆದ್ದರಿಂದ ನೋಡಿ ಮಾಡುವುದನ್ನೂ ನೋಡಿ ಮಾಡದಿರುವುದನ್ನೂ ನಾನು ದೂರುವುದಿಲ್ಲ.

ದೂರು ಇರುವುದು ವಿಡಿಯೋಗಳ ರಚನೆಯಲ್ಲಿ. 'ಮಕ್ಕಳೊಂದಿಗೆ ಮಾಡಿ' ಎಂಬ ತಲೆಬರಹ ಇರುತ್ತದೆ, ಆದರೆ ಮಗುವಿನ ಕೈ ಕಾಣುವುದು ಬಲು ಅಪರೂಪ. ಕಾಣುವುದು ಉಗುರಿಗೆ ಬಣ್ಣ ಹಚ್ಚಿದ, ಬಳೆಯಿಲ್ಲದ, ಮುಖವಿಲ್ಲದ ಎರಡು ದೊಡ್ಡ ಕೈಗಳು. ಆ ಕೈಗಳು ಒಮ್ಮೆಯೂ ತಪ್ಪುವುದಿಲ್ಲ. ಕತ್ತರಿ ಗೆರೆ ಬಿಟ್ಟು ಆಚೆ ಹೋಗುವುದಿಲ್ಲ. ನಾಲ್ಕು ವರ್ಷದ ಕೂಸು ಪಕ್ಕದಲ್ಲಿ ಕೂತರೆ ಏನಾಗುತ್ತದೆಂಬುದು ಮನೆವಾಳ್ತೆ ಮಾಡಿದವರಿಗೆಲ್ಲ ಗೊತ್ತು. ಮೊದಲು ಗೋಂದಿನ ಮುಚ್ಚಳ ಕಳೆಯುತ್ತದೆ. ಆಮೇಲೆ ಕತ್ತರಿ ತನಗೇ ಬೇಕೆಂದು ಜಗಳ. ಹತ್ತಿ ಮೂಗಿಗೆ. ಸಣ್ಣ ಮಣಿ ಬಾಯಿಗೆ. ದೀಪ ಉರಿಸಲೆಂದು ಕೆಲವರು ಗುಂಡಿಯಂಥ ಸಣ್ಣ ಬ್ಯಾಟರಿಯನ್ನು ಕೂಡ ಸಾಮಾನಿನ ಪಟ್ಟಿಯಲ್ಲಿ ಸೇರಿಸಿರುತ್ತಾರೆ. ಮಗು ಅದನ್ನು ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಡಬಲ್ಲದು. ಅದರ ಬಗ್ಗೆ ಒಂದು ಎಚ್ಚರಿಕೆಯ ಮಾತಿಲ್ಲದ ವಿಡಿಯೋಗಳನ್ನು ನಾನೇ ನೋಡಿದ್ದೇನೆ. ಇದನ್ನು ಮಾತ್ರ ನಗೆಯಾಡಿ ಬಿಡಲು ನನಗೆ ಮನಸ್ಸಿಲ್ಲ.

ಇನ್ನು ಹೊತ್ತು. ವಿಡಿಯೋದಲ್ಲಿ ಗೋಂದು ಒಣಗುವುದೇ ಇಲ್ಲ. ಹಚ್ಚಿದ ಮರುಕ್ಷಣ ಅಂಟಿರುತ್ತದೆ. ಮನೆಯಲ್ಲಿ, ಅದೂ ಜುಲೈ ತಿಂಗಳ ಥಂಡಿಯಲ್ಲಿ, ಫೆವಿಕಾಲ್ ಹಚ್ಚಿದ ಕಾಗದ ಅರ್ಧ ತಾಸಾದರೂ ಜಾರುತ್ತಿರುತ್ತದೆ. ಆ ಅರ್ಧ ತಾಸಿನಲ್ಲಿ ಮಗು ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಕರಕುಶಲದ ಜೀವ ಇರುವುದು ಆ ಅರ್ಧ ತಾಸಿನಲ್ಲೇ. ಒತ್ತಿ ಹಿಡಿದು ಕೂತಾಗ ಬಾಯಿಗೆ ಮಾತು ಬರುತ್ತದೆ. ಶಾಲೆಯಲ್ಲಿ ಯಾರು ಹೊಡೆದರು, ಯಾರ ಡಬ್ಬಿಯಲ್ಲಿ ಏನಿತ್ತು ಎಂಬುದೆಲ್ಲ ಆಗಲೇ ಹೊರಬೀಳುವುದು. ಸಂಕಲನ ಮಾಡುವವರು ಕತ್ತರಿಸಿ ತೆಗೆಯುವುದು ಅದನ್ನೇ, ಯಾಕೆಂದರೆ ಅಲ್ಲಿ ನೋಡಲು ಏನೂ ಇಲ್ಲ.

ಮಾತೂ ಇಲ್ಲ. ಇವುಗಳಲ್ಲಿ ಬಹಳಷ್ಟರಲ್ಲಿ ಸಂಗೀತವೊಂದು ಕುಣಿಯುತ್ತಿರುತ್ತದೆ, ಮನುಷ್ಯರ ದನಿ ಇಲ್ಲ. ಎಲ್ಲ ದೇಶದವರಿಗೂ ಮಾರಬಹುದಾದ ಮೌನ ಅದು. ನನಗೆ ಕಸೂತಿ ಕಲಿಸಿದ ಸೋದರತ್ತೆ ಬಾಯಿ ಮುಚ್ಚಿದವಳೇ ಅಲ್ಲ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಹಾಕಬೇಕು. "ಮೂರು ಬಿಡು, ನಾಲ್ಕನೇದಕ್ಕ ಏಳಸು, ಹೊಳ್ಳಿ ಬಾ" ಎಂದು ಅವಳು ಎಣಿಸುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಗಾವಂತಿ, ಮುರ್ಗಿ, ನೇಗಿ, ಮೆಂತ್ಯ ಎಂಬ ಹೊಲಿಗೆಗಳ ಹೆಸರು, ತೇರು, ಗೋಪುರ, ಆನೆ ಎಂಬ ನಮೂನೆಗಳ ಹೆಸರು, ಎಲ್ಲ ಸೂಜಿಯ ಜೊತೆಗೇ ಕೈಗೆ ಬಂದವು. ಗಾವಂತಿಯಲ್ಲಿ ಗಂಟು ಹಾಕುವಂತಿಲ್ಲ, ಮೇಲೆ ಹೇಗೋ ಕೆಳಗೂ ಹಾಗೆಯೇ ಕಾಣಬೇಕು. ಯಾರಾದರೂ ಸೆರಗು ತೋರಿಸಿದರೆ ಅತ್ತೆ ಮೊದಲು ಅದನ್ನು ಮಗುಚಿ ಹಿಂಬದಿ ನೋಡುತ್ತಿದ್ದಳು. ಫೋನಿನಲ್ಲಿ ಬರುವುದಕ್ಕೆ ಹಿಂಬದಿಯೇ ಇಲ್ಲ. ನನ್ನ ಮೊಮ್ಮಗಳು 'ಕಟ್', 'ಪೇಸ್ಟ್', 'ಫೋಲ್ಡ್' ಎಂಬ ಮೂರು ಪದದಲ್ಲಿ ಎಲ್ಲ ಕೆಲಸ ಮುಗಿಸುತ್ತಾಳೆ. ಮಡಚು, ನೆರಿಗೆ ಹಿಡಿ, ಸೀಳು, ಹರಿ, ಪೋಣಿಸು, ಹೆಣೆ, ಸುತ್ತು ಎಂಬವು ಬೇರೆ ಬೇರೆ ಕೆಲಸಗಳೆಂದು ಅವಳಿಗೆ ತಿಳಿಸಲು ನಾನು ಪಕ್ಕದಲ್ಲೇ ಕೂರಬೇಕಾಯಿತು.

'ಕಸದಿಂದ ರಸ' ಎಂಬ ಬಗೆಯೊಂದಿದೆ. ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಕಸದಿಂದ ರಸ ಮಾಡಲೆಂದು ಐಸ್‌ಕ್ರೀಮ್ ಕಡ್ಡಿಗಳನ್ನು ಕಟ್ಟುಗಟ್ಟಲೆ ಹೊಸದಾಗಿ ಕೊಂಡು ತರುತ್ತಾರೆ. ಐಸ್‌ಕ್ರೀಮ್ ತಿಂದವರು ಯಾರೂ ಇಲ್ಲ. ಕಾಗದದ ಕಪ್ಪು, ತಟ್ಟೆ, ಎಲ್ಲ ಹೊಸವು. 2022ರ ಜುಲೈ 1ರಂದು ದೇಶದಾದ್ಯಂತ ನಿಷೇಧಗೊಂಡ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ಸ್ಟ್ರಾ, ಬಲೂನಿನ ಕಡ್ಡಿ, ಅಲಂಕಾರದ ಥರ್ಮಾಕೋಲ್ ಇವೆಲ್ಲ ಇದ್ದವು. ಶಾಲೆಯ ಪ್ರಾಜೆಕ್ಟುಗಳಿಗೆ ಆ ಸುದ್ದಿ ಮುಟ್ಟಿದಂತೆ ಕಾಣಲಿಲ್ಲ.

ಹಾಗಾದರೆ ಪರದೆಯ ಮೇಲೆ ಬರುವುದೆಲ್ಲ ಕೆಟ್ಟದ್ದೇ ಎಂದು ಕೇಳಿದರೆ ಅಲ್ಲವೆನ್ನುತ್ತೇನೆ, ಮತ್ತು ಆಧಾರವಾಗಿ ಅರವಿಂದ ಗುಪ್ತಾ ಅವರ ಕೆಲಸವನ್ನು ಮುಂದಿಡುತ್ತೇನೆ. ಕಾನಪುರದ ಐಐಟಿಯಲ್ಲಿ ಓದಿ ಪುಣೆಯಲ್ಲಿ ಲಾರಿ ತಯಾರಿಸುವ ಟೆಲ್ಕೋದಲ್ಲಿ ಇಂಜಿನಿಯರಾಗಿದ್ದ ಇವರು 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. (ಆ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು.) ಅಲ್ಲಿ ಅವರ ಕೈಗೆ ಸಿಕ್ಕದ್ದು ಕಡ್ಡಿಪೆಟ್ಟಿಗೆಯ ಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬು. ತುಂಡು ಟ್ಯೂಬಿನ ಎರಡೂ ಕಡೆ ಕಡ್ಡಿ ತೂರಿಸಿದರೆ ಕೀಲು ಆಯಿತು. ಮೂರು ಕಡ್ಡಿ ಜೋಡಿಸಿದರೆ ತ್ರಿಕೋನ, ನಾಲ್ಕು ಜೋಡಿಸಿದರೆ ಚೌಕ. ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಅಲುಗುವುದಿಲ್ಲ. ಮನೆಯ ತೊಲೆಗಳಲ್ಲೂ ಸೇತುವೆಗಳಲ್ಲೂ ತ್ರಿಕೋನ ಯಾಕಿದೆಯೆಂದು ಹುಡುಗ ಬೆರಳಿನಿಂದಲೇ ತಿಳಿಯುತ್ತಾನೆ. ಮುಂದೆ 2003ರಿಂದ 2014ರವರೆಗೆ ಪುಣೆಯ ಖಗೋಳವಿಜ್ಞಾನ ಕೇಂದ್ರ ಐಯುಕಾದ ಮಕ್ಕಳ ವಿಜ್ಞಾನಶಾಲೆಯಲ್ಲಿದ್ದು ಇಂಥ ಆಟಿಕೆಗಳ ಪುಟ್ಟ ಪುಟ್ಟ ಚಿತ್ರಗಳನ್ನು ತಯಾರಿಸಿದರು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅವು ಸಿಗುತ್ತವೆ. ಪದ್ಮಶ್ರೀ ಬಂದದ್ದು 2018ರಲ್ಲಿ.

ಇವರ ಚಿತ್ರಗಳೂ ಒಂದೆರಡು ನಿಮಿಷದವೇ. ಇಲ್ಲಿಯೂ ಹೆಚ್ಚಾಗಿ ಕೆಲಸ ಮಾಡುವುದು ದೊಡ್ಡವರ ಕೈ. ನಾಲ್ಕರ ಕೂಸಿಗಿಂತ ಎಂಟು ಹತ್ತರ ಮಕ್ಕಳಿಗೇ ಇವು ಒಗ್ಗುವುದೂ ನಿಜ. ಸೂಜಿ, ಬ್ಲೇಡು ಇಲ್ಲಿಯೂ ಬರುತ್ತವೆ. ಆದರೂ ಎರಡಕ್ಕೂ ನಡುವೆ ಇರುವ ವ್ಯತ್ಯಾಸವನ್ನು ನಾನು ಮೊಮ್ಮಗಳ ಮುಖದಲ್ಲಿ ಕಂಡೆ. ಸ್ಟ್ರಾದ ತುದಿಯನ್ನು ಚಪ್ಪಟೆ ಮಾಡಿ ಬಾಣದಂತೆ ಕತ್ತರಿಸಿ ಊದಿದರೆ ಪೀಪಿಯಾಗುತ್ತದೆ. ಊದುತ್ತಲೇ ಇನ್ನೊಂದು ತುದಿಯನ್ನು ಕತ್ತರಿಸುತ್ತ ಬಂದರೆ ಸ್ವರ ಏರುತ್ತ ಹೋಗುತ್ತದೆ. ಅವಳ ಮೊದಲ ಮೂರು ಪೀಪಿ ಊದಲಿಲ್ಲ. ನನ್ನನ್ನು "ಚೊಲೊ ಆಗೇತೇನಜ್ಜಿ?" ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಪೀಪಿಯೇ ಹೇಳುತ್ತಿತ್ತು. ನಾಲ್ಕನೆಯದು ಬಾತುಕೋಳಿಯಂತೆ ಕಿರಿಚಿದಾಗ ಸಣ್ಣವನು ಹೆದರಿ ಅತ್ತ. ಆದರೆ ಹತ್ತಿಯ ಮೋಡ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ಫೋನಿನ ಚಿತ್ರ ಬೇಕು, ಟೀಚರು ಬೇಕು, ಅವ್ವ ಬೇಕು. ಚಿತ್ರದಲ್ಲಿದ್ದಂತೆ ಆಗಲಿಲ್ಲವೆಂದು ಮಗು ಮೋರೆ ಸಣ್ಣದು ಮಾಡಿದಾಗ ತಾಯಿ ತಾನೇ ಕೈಹಾಕಿ ಸರಿಮಾಡುತ್ತಾಳೆ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ದೀಪ ಉರಿಯುವುದು ಹೀಗೆ.

ಇಷ್ಟು ಬರೆದ ಮೇಲೆ ಮಗಳ ಪರವಾಗಿಯೂ ಹೇಳದಿದ್ದರೆ ಅನ್ಯಾಯವಾದೀತು. ಅವಳು ಈ ಚಟಕ್ಕೆ ಬಿದ್ದದ್ದು 2020ರಲ್ಲಿ, ಲಾಕ್‌ಡೌನ್ ಆದಾಗ. ಎರಡು ಕೋಣೆಯ ಮನೆ, ಆಗ ಇನ್ನೂ ಅಂಬೆಗಾಲಿನ ಕೂಸು, ಮನೆಯಿಂದಲೇ ಆಫೀಸು ಕೆಲಸ, ನಾನು ಇಪ್ಪತ್ತು ಕಿಲೋಮೀಟರ್ ದೂರದಲ್ಲಿದ್ದೂ ಬರುವಂತಿರಲಿಲ್ಲ. "ಆ ಕೈಗಳನ್ನ ನೋಡಕೋತ ಕುಂತ್ರ ಯಾರೋ ಜೋಡಿ ಅದಾರ ಅನ್ನಸ್ತಿತ್ತವ್ವಾ" ಎಂದು ಅವಳೊಮ್ಮೆ ಹೇಳಿದಳು. ನನ್ನ ಕೂಸನ್ನು ಎತ್ತಿ ಆಡಿಸಲು ಅತ್ತೆಯಿದ್ದರು, ನೆಗೆಣ್ಣಿಯಿದ್ದಳು, ಪಕ್ಕದ ಮನೆಯವರಿದ್ದರು. ನಾನು ವಿಡಿಯೋದಲ್ಲಿ ಸುಳ್ಳು ಹುಡುಕುತ್ತಿದ್ದಾಗ ಅವಳು ಅದರಲ್ಲಿ ಜೊತೆ ಹುಡುಕಿದ್ದಳು. ವಿಮರ್ಶಕರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ವಾರದ ನಡುವೆ ಬಂತು. ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಪೂಜೆ, ಅದಾಗಿ ಹದಿನೈದು ದಿನಕ್ಕೆ ಮಣ್ಣಿನ ಎತ್ತುಗಳದ್ದು. ನಮ್ಮ ಉತ್ತರ ಕರ್ನಾಟಕದಲ್ಲಿ ಮಳೆಗಾಲವಿಡೀ ಮಣ್ಣಿನದೇ ಹಬ್ಬ. ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ ಎಂದು ಸಾಲಾಗಿ ಬರುತ್ತವೆ. ಈಗ ಪೇಟೆಯಲ್ಲಿ ಬಣ್ಣ ಹಚ್ಚಿದ ಎತ್ತಿನ ಜೋಡಿ ಸಿಗುತ್ತದೆ, ನಾವೂ ಕೆಲವು ವರ್ಷ ಅದನ್ನೇ ತಂದದ್ದುಂಟು. ಈ ಸಲ ಹಿಂದಿನ ಭಾನುವಾರವೇ ಒಂದು ಬುಟ್ಟಿ ಎರೆಮಣ್ಣು ತರಿಸಿ, ಹುಬ್ಬಳ್ಳಿಗೆ ಒಯ್ದು, ಹಿತ್ತಲಿಲ್ಲದ ಆ ಮನೆಯ ಬಾಲ್ಕನಿಯಲ್ಲಿ ಹಳೆಯ ಪೇಪರು ಹಾಸಿ ಕೂತೆವು. ಮಗಳಿಗೆ ಫೋನ್ ಒಳಗಿಡು ಎಂದು ನಾನು ಹೇಳಲಿಲ್ಲ. ಕೈತುಂಬ ಮಣ್ಣಾದ ಮೇಲೆ ಅದನ್ನು ಮುಟ್ಟುವ ಹಾಗೇ ಇರಲಿಲ್ಲ.

ನನ್ನ ಎತ್ತು ನಾಯಿಯಂತಾಯಿತು. ಮಗಳದು ಚೆನ್ನಾಗಿ ಬಂತು, ಇಣಿ, ಕೊಂಬು, ಕೊರಳಗಂಟೆ ಎಲ್ಲ ಇತ್ತು. ಹತ್ತೊಂಬತ್ತು ವರ್ಷದ ಮೇಲೆ ಅವಳು ಮಣ್ಣು ಮುಟ್ಟಿದ್ದಳು. ಸಣ್ಣವನು ಎತ್ತಿನ ಗೊಡವೆಗೆ ಹೋಗದೆ ಗ್ವಾದಲಿ ಮಾಡಿದೆನೆಂದು ಒಂದು ಮುದ್ದೆಗೆ ಹೆಬ್ಬೆರಳು ಒತ್ತಿಟ್ಟ. ಮೊಮ್ಮಗಳ ಎತ್ತಿನ ಮುಂಗಾಲು ಮಾತ್ರ ನಿಲ್ಲಲೇ ಇಲ್ಲ. ಮಣ್ಣು ನೀರಾಗಿತ್ತು, ಎರಡು ಸಲ ಹಚ್ಚಿದಳು, ಎರಡು ಸಲವೂ ಕಳಚಿತು. ಅವಳ ತುಟಿ ನಡುಗಿತು. ಮಗಳ ಕೈ ತಾನಾಗಿ ಅತ್ತ ಚಾಚಿತು, ಸರಿಮಾಡಲು. ನಾನು ನೋಡಿದೆ, ಅವಳೂ ನನ್ನನ್ನು ನೋಡಿದಳು, ಕೈ ಹಿಂದೆ ತೆಗೆದುಕೊಂಡಳು.

ಆಗ ನನಗೆ ನೆನಪಾದದ್ದು ಕುಂಟೆತ್ತು. ನಮ್ಮ ಕಡೆಯ ಹಳ್ಳಿಗಳಲ್ಲಿ ಅಮಾವಾಸ್ಯೆಯ ಮರುದಿನ ಹುಡುಗರು ಕಾಲು ಮುರಿದ ಎತ್ತೊಂದನ್ನು ಮಣೆಯ ಮೇಲಿಟ್ಟುಕೊಂಡು, ಹಾಡು ಹೇಳುತ್ತ ಮನೆಮನೆಗೆ ಹೋಗಿ ಕಾಳುಕಡಿ ಬೇಡಿ ತಂದು ಕೂಡಿ ಉಣ್ಣುತ್ತಾರೆ. ಇಡೀ ಜೋಡಿಗಳು ಜಗಲಿಯ ಮೇಲೆ ಕೂತಿರುತ್ತವೆ, ಊರು ಸುತ್ತುವುದು ಕುಂಟೆತ್ತೇ. ಇದನ್ನು ಹೇಳಿದೆ. ಮೊಮ್ಮಗಳು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ಇದು ಕುಂಟೆತ್ತು. ನಿಂದು ನಾಯಿ" ಎಂದಳು. ಗುರುವಾರ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಅಪಾರ್ಟ್‌ಮೆಂಟಿನ ಮೂರು ಮಹಡಿ ಸುತ್ತಿದಳಂತೆ. ಜೋಳ ಯಾರ ಮನೆಯಲ್ಲಿತ್ತು? ಎರಡು ಚಾಕಲೇಟು, ಒಂದು ಬಾಳೆಹಣ್ಣು, ಹತ್ತು ರೂಪಾಯಿ ಬಂದವು.

ನನ್ನ ಶಾಲೆಯಲ್ಲಿ ನಾನು ಮಾಡಿದ ಬದಲಾವಣೆಯ ಬಗ್ಗೆ ಹೆಚ್ಚು ಹೇಳಿಕೊಳ್ಳುವಂಥದ್ದಿಲ್ಲ. ಈ ಸಲ ಪ್ರಾಜೆಕ್ಟನ್ನು ಮನೆಗೆ ಕೊಡಲಿಲ್ಲ, ತರಗತಿಯಲ್ಲೇ ಎರಡು ಪೀರಿಯಡ್ಡಿನಲ್ಲಿ ಮಾಡಿಸಿದೆ. ಮಾದರಿಗಳು ವಿಕಾರವಾಗಿ ಬಂದವು. ಹಂಪಿಯ ಕಲ್ಲಿನ ರಥಕ್ಕೆ ಚಕ್ರ ಮೂರು. ಮುಖ್ಯೋಪಾಧ್ಯಾಯರು ನೋಡಿ, "ಮೇಡಂ, ಗೆಸ್ಟ್ ಬಂದ್ರ ಇದನ್ನೇನ್ ತೋರಿಸೋಣ್ರಿ?" ಎಂದರು. ಇಬ್ಬರು ಪಾಲಕರು ಬಂದು, ಮನೆಗೆ ಕೊಟ್ಟಿದ್ದರೆ ಚೆನ್ನಾಗಿ ಮಾಡಿಸಿಕೊಂಡು ಬರುತ್ತಿದ್ದೆವೆಂದರು. ಅಂಕ ಹಾಕುವಾಗ ನನ್ನ ಕೈ ಅಭ್ಯಾಸಬಲದಿಂದ ಚೊಕ್ಕಟವಾದದ್ದರ ಕಡೆಗೇ ಹೋಗುತ್ತಿತ್ತು. ಎರಡು ಕಡೆ ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದೆ.

ಮಗಳು ಈಗಲೂ ರಾತ್ರಿ ಚಿತ್ರ ನೋಡುತ್ತಾಳೆ, ಕೂಡಿಡುತ್ತಾಳೆ. ಹೋದ ವಾರ ನನಗೊಂದು ಕಳಿಸಿದ್ದಳು. "ಅವ್ವಾ, ಇದರಾಗ ಕೂಸಿನ ಕೈ ಐತಿ ನೋಡು" ಎಂದು ಬರೆದಿದ್ದಳು. ಕನ್ನಡಕ ಹಾಕಿಕೊಂಡು ನೋಡಿದೆ. ಇತ್ತು. ಯಾವ ದೇಶದ್ದೋ ಒಂದು ಪುಟ್ಟ ಕೈ ಬಂದು ಗೋಂದಿನ ಬಾಟಲಿ ಉರುಳಿಸಿತು, ದೊಡ್ಡ ಕೈ ಅದನ್ನು ಎತ್ತಿಟ್ಟಿತು, ಅಷ್ಟರಲ್ಲಿ ವಿಡಿಯೋ ಮುಗಿಯಿತು. ಬರುವ ಭಾನುವಾರ ಹಳೆಯ ಪೇಪರು ತೆಗೆದಿಡು, ಕತ್ತರಿ ಎರಡು ಬೇಕು, ಒಂದೇ ಇದ್ದರೆ ಜಗಳ ಎಂದು ಉತ್ತರ ಬರೆದೆ.